1991ರ ಹನ್ನೆರಡು ಚೌಕಗಳು: ಯಾವ ತಿಂಗಳಿಗೆ ಯಾವ ಸುದ್ದಿ?

ಅಕ್ಕೋರು (ಶಿರಸಿ)
ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ವಾಚನಾಲಯದ ಗೋಡೆಗೆ 1991ನೇ ಇಸವಿಯ ಕುರಿತು ಒಂದು ಭಿತ್ತಿಪಟ ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ತಿಂಗಳಿಗೊಂದು ಚೌಕ, ಚೌಕಕ್ಕೊಂದು ಸುದ್ದಿ, ಸುದ್ದಿಗೆ ನಾಲ್ಕೇ ಸಾಲು. ಓದುವವರು ಪಿಯುಸಿ ಮಕ್ಕಳು. ಅವರ ತಾಯಂದಿರೇ ಆಗ ಅಂಗನವಾಡಿಗೆ ಹೋಗುತ್ತಿದ್ದರು.

ಜನವರಿಗೆ ಕೊಲ್ಲಿ ಯುದ್ಧ, ಮಾರ್ಚಿಗೆ ಚಂದ್ರಶೇಖರರ ರಾಜೀನಾಮೆ, ಮೇ 21ಕ್ಕೆ ಶ್ರೀಪೆರಂಬುದೂರಿನಲ್ಲಿ ರಾಜೀವ ಗಾಂಧಿಯವರ ಹತ್ಯೆ, ಜೂನ್ 21ಕ್ಕೆ ನರಸಿಂಹರಾಯರ ಪ್ರಮಾಣವಚನ, ಆಗಸ್ಟಿಗೆ ರಾಜೀವರ ಹಂತಕರು ಸತ್ತ ಬೆಂಗಳೂರಿನ ಕೋಣನಕುಂಟೆ, ಸೆಪ್ಟೆಂಬರಿಗೆ ಪೂಜಾಸ್ಥಳಗಳ ಕಾಯ್ದೆ, ಅಕ್ಟೋಬರಿಗೆ ಉತ್ತರಕಾಶಿಯ ಭೂಕಂಪ, ನವೆಂಬರಿಗೆ ನರಸಿಂಹರಾಯರು ಗೆದ್ದ ನಂದ್ಯಾಲದ ಉಪಚುನಾವಣೆ ಎಂದು ಬರೆದಿಟ್ಟಿದ್ದೇನೆ. ಜುಲೈ ಚೌಕದಲ್ಲಿ ಮಾತ್ರ ಸಂತೆ ನೆರೆದಿದೆ: ರೂಪಾಯಿಯ ಅಪಮೌಲ್ಯ, ಚಿನ್ನದ ಅಡವು, ಹೊಸ ಕೈಗಾರಿಕಾ ನೀತಿ, ಜುಲೈ 24ರ ಮನಮೋಹನ್ ಸಿಂಗರ ಬಜೆಟ್ ಎಲ್ಲವೂ ಅಲ್ಲಿಯೇ. ಫೆಬ್ರವರಿ ಮತ್ತು ಏಪ್ರಿಲ್ ಖಾಲಿ. ಡಿಸೆಂಬರಿಗೆ ಇಬ್ಬರು ಹಕ್ಕುದಾರರಿದ್ದಾರೆ: ಕಾವೇರಿ ಗಲಭೆ ಮತ್ತು ಸೋವಿಯತ್ ಒಕ್ಕೂಟದ ಒಡಕು. ಇಷ್ಟು ಸಾಲದೆಂಬಂತೆ, ಒಂದು ಚೌಕ ಉಳಿದವಕ್ಕಿಂತ ಇಮ್ಮಡಿ ದೊಡ್ಡದಿರಲಿ, ನೋಡಲು ಚೆಂದ ಎಂದು ಬಣ್ಣ ಬಳಿಯುವವರು ಹಟ ಹಿಡಿದಿದ್ದಾರೆ. ಆ ದೊಡ್ಡ ಚೌಕ ಯಾವ ತಿಂಗಳಿಗೆ ಸಲ್ಲಬೇಕು?

ಒಂದೇ ಮಾತು (ಯಲ್ಲಾಪುರ)
ಜುಲೈ 24. ಇದರಲ್ಲಿ ಚರ್ಚೆಗೆ ಏನಿದೆ?

ಬೇಡ್ತಿ ಸೇತುವೆ
ಚರ್ಚೆಗೆ ಇದೆ. ಮೇ 21ರ ರಾತ್ರಿ ಹಾಗಾಗದೇ ಇದ್ದಿದ್ದರೆ ನರಸಿಂಹರಾಯರು ಪ್ರಧಾನಿಯಾಗುವ ಪ್ರಶ್ನೆಯೇ ಏಳುತ್ತಿರಲಿಲ್ಲ. ಅವರು ಆ ಚುನಾವಣೆಗೆ ನಿಂತೇ ಇರಲಿಲ್ಲ. ದೆಹಲಿಯ ಮನೆಯಲ್ಲಿದ್ದ ಪುಸ್ತಕಗಳನ್ನು ಕಟ್ಟಿಸಿ ಹೈದರಾಬಾದಿಗೆ ಮರಳುವ ಸಿದ್ಧತೆಯಲ್ಲಿದ್ದರು. ಮತದಾನದ ಮೊದಲ ಸುತ್ತು ಮೇ 20ಕ್ಕೆ ಮುಗಿದಿತ್ತು, ಮರುದಿನವೇ ರಾಜೀವರ ಹತ್ಯೆಯಾಯಿತು, ಉಳಿದ ಸುತ್ತುಗಳು ಜೂನ್ 12 ಮತ್ತು 15ಕ್ಕೆ ಹೋದವು. ಮೊದಲ ಸುತ್ತಿನಲ್ಲಿ ಸೊರಗಿದ್ದ ಕಾಂಗ್ರೆಸ್ಸು ನಂತರದ ಸುತ್ತುಗಳಲ್ಲಿ ಚೇತರಿಸಿಕೊಂಡಿತು. ಕರ್ನಾಟಕದ 28 ಸ್ಥಾನಗಳಲ್ಲಿ 23 ಅದಕ್ಕೇ ಬಂದವು. ನಮ್ಮ ಕೆನರಾ ಕ್ಷೇತ್ರದಿಂದ ದೇವರಾಯ ನಾಯ್ಕರು ಗೆದ್ದರು, ಆದರೆ ಅವರು 1980ರಿಂದಲೂ ಗೆಲ್ಲುತ್ತ ಬಂದವರಾದ್ದರಿಂದ ನಮ್ಮ ಕ್ಷೇತ್ರವನ್ನು ಅನುಕಂಪದ ಸಾಕ್ಷಿಯಾಗಿ ನಿಲ್ಲಿಸಲಾರೆ. ಒಟ್ಟಿನಲ್ಲಿ ಮೇ ಇಲ್ಲದೆ ಜುಲೈ ಇಲ್ಲ.

ಒಂದೇ ಮಾತು (ಯಲ್ಲಾಪುರ)
ಹಾಗೆ ಹೇಳುವುದಾದರೆ ಊಟಕ್ಕಿಂತ ಒಲೆಯ ಕಟ್ಟಿಗೆಯೇ ದೊಡ್ಡದು.

ಹಳೇ ಲೆಡ್ಜರ್ (ಕುಮಟಾ)
ಅಕ್ಕೋರೇ, ದೊಡ್ಡ ಚೌಕದ ಮಾತು ಆಮೇಲೆ. ಮೊದಲು ನಿಮ್ಮ ಜುಲೈ ಚೌಕದಿಂದ ಅರ್ಧ ಚಿನ್ನವನ್ನು ಹೊರಗೆ ತೆಗೆಯಬೇಕು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಕುಳಿತೆದ್ದವನಾದ್ದರಿಂದ ಈ ತಪ್ಪು ಕಂಡಾಗಲೆಲ್ಲ ನನಗೆ ಕೈ ತುರಿಸುತ್ತದೆ.

ಚಿನ್ನ ಎರಡು ಬಾರಿ ಹೋಯಿತು. ಮೊದಲನೆಯದು ಮೇ ತಿಂಗಳಿನಲ್ಲಿ. ಚಂದ್ರಶೇಖರರು ಮಾರ್ಚ್ 6ಕ್ಕೆ ರಾಜೀನಾಮೆ ಕೊಟ್ಟು ಉಸ್ತುವಾರಿ ಪ್ರಧಾನಿಯಾಗಿದ್ದರು, ಯಶವಂತ ಸಿನ್ಹಾ ಹಣಕಾಸು ಮಂತ್ರಿಗಳಾಗಿದ್ದರು. ಕಳ್ಳಸಾಗಣೆಯವರಿಂದ ವಶಪಡಿಸಿಕೊಂಡು ಸರಕಾರದ ಬಳಿ ಇಟ್ಟಿದ್ದ ಚಿನ್ನದಲ್ಲಿ 20 ಟನ್ನನ್ನು ಸ್ಟೇಟ್ ಬ್ಯಾಂಕಿನ ಮೂಲಕ ಸ್ವಿಟ್ಜರ್ಲೆಂಡಿನ ಬ್ಯಾಂಕೊಂದಕ್ಕೆ, ಮರಳಿ ಕೊಳ್ಳುವ ಹಕ್ಕನ್ನು ಉಳಿಸಿಕೊಂಡು, ಮಾರಲಾಯಿತು. (ನಮ್ಮ ಕಡಲಂಚಿನಲ್ಲಿ ಸಿಕ್ಕಿಬಿದ್ದ ಒಂದೆರಡು ಬಿಸ್ಕತ್ತುಗಳೂ ಅದರಲ್ಲಿ ಇದ್ದಿರಬಹುದು, ಯಾರು ಬಲ್ಲರು!) ಎರಡನೆಯದು ಜುಲೈನಲ್ಲಿ, ಹೊಸ ಸರಕಾರ ಬಂದ ಮೇಲೆ. ಆಗ ರಿಸರ್ವ್ ಬ್ಯಾಂಕು ತನ್ನದೇ ತಿಜೋರಿಯಿಂದ ಸುಮಾರು 47 ಟನ್ನನ್ನು ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿ ಅಡವಿಟ್ಟು ಸುಮಾರು 40 ಕೋಟಿ ಡಾಲರ್ ಪಡೆಯಿತು. ಸಾಲ ಕೊಟ್ಟವರಲ್ಲಿ ಬ್ಯಾಂಕ್ ಆಫ್ ಜಪಾನ್ ಕೂಡ ಇತ್ತು. ಒಂದು ಮಾರಾಟ, ಇನ್ನೊಂದು ಅಡವು. ಮಕ್ಕಳಿಗೆ ಈ ವ್ಯತ್ಯಾಸ ತಿಳಿಯಲೇಬೇಕು, ಏಕೆಂದರೆ ‘ಚಿನ್ನ ಅಡವಿಟ್ಟ ಸರಕಾರ’ ಎಂದು ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುವಾಗ ಇಬ್ಬರೂ ಅರ್ಧ ಕಥೆಯನ್ನೇ ಹೇಳುತ್ತಾರೆ.

ಅಪಮೌಲ್ಯವೂ ಎರಡು ಕಂತಿನದು: ಜುಲೈ 1ಕ್ಕೆ ಸುಮಾರು 9 ಪ್ರತಿಶತ, ಜುಲೈ 3ಕ್ಕೆ ಸುಮಾರು 11 ಪ್ರತಿಶತ. ಬಜೆಟ್ ಬರುವ ಮೂರು ವಾರ ಮೊದಲೇ ಇದು ಮುಗಿದಿತ್ತು. ಜುಲೈ 24ರವರು ಇದನ್ನು ಗಮನಿಸಬೇಕು.

ಒಂದೇ ಮಾತು (ಯಲ್ಲಾಪುರ)
ಗಮನಿಸಿದೆ. ಎಲ್ಲವೂ ಜುಲೈ ತಿಂಗಳಿನದೇ ತಾನೇ?

ಭಟ್ಕಳದ ಹುಡುಗ
ಹುಡುಗ ಎಂಬುದು ಹೆಸರಿಗಷ್ಟೇ, ನನಗೀಗ ನಲವತ್ತೇಳು. ನಮ್ಮ ಓಣಿಯಲ್ಲಿ 1991 ಆರಂಭವಾದದ್ದು 1990ರ ಆಗಸ್ಟ್ 2ಕ್ಕೆ, ಇರಾಕ್ ಸೈನ್ಯ ಕುವೈತಿಗೆ ನುಗ್ಗಿದ ದಿನ. ನನ್ನ ತಂದೆ ಅಲ್ಲಿ ಒಂದು ಬಟ್ಟೆ ಅಂಗಡಿಯಲ್ಲಿದ್ದರು. ಬಾಗ್ದಾದಿನ ಮೂಲಕ ಬಸ್ಸಿನಲ್ಲಿ ಜೋರ್ಡಾನಿಗೆ ಬಂದು, ಅಮ್ಮಾನಿನ ಹೊರಗಿನ ಡೇರೆಯಲ್ಲಿ ಹದಿಮೂರು ದಿನ ಕಳೆದು, ಏರ್ ಇಂಡಿಯಾ ವಿಮಾನದಲ್ಲಿ ಮುಂಬಯಿಗೆ ಇಳಿದರು. ಹಾಗೆ ಕರೆತಂದವರ ಸಂಖ್ಯೆ ಒಂದು ಲಕ್ಷ ಎಪ್ಪತ್ತು ಸಾವಿರದಷ್ಟು. ಸೊಂಟದ ಪಟ್ಟಿಯಲ್ಲಿ ಹೊಲಿದು ತಂದಿದ್ದ ಕುವೈತಿ ದಿನಾರುಗಳನ್ನು ಆಗ ಯಾರೂ ಮುಟ್ಟಲಿಲ್ಲ. ಕಳುಹಿಸುವವರೇ ಮನೆಯಲ್ಲಿ ಕುಳಿತ ಮೇಲೆ ಹಣ ಎಲ್ಲಿಂದ ಬರಬೇಕು? ಎಣ್ಣೆಯ ಬೆಲೆ ಏರಿತು, ಕೊಲ್ಲಿಯ ಹಣ ನಿಂತಿತು, ಹೊರದೇಶದಲ್ಲಿದ್ದವರು ಇಲ್ಲಿನ ಠೇವಣಿಗಳನ್ನು ಹಿಂದಕ್ಕೆ ಪಡೆದರು. ದೇಶದ ಖಜಾನೆಗೆ ಆದದ್ದೂ ನಮ್ಮ ಮನೆಗೆ ಆದದ್ದೂ ಒಂದೇ.

ಆದರೆ ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಹೇಳಬೇಕು. ದುಬೈಯಲ್ಲಿದ್ದ ನನ್ನ ಮಾವನವರು ಕಳುಹಿಸುತ್ತಿದ್ದ ದಿರ್ಹಮಿಗೆ ಜೂನ್ ತಿಂಗಳಿನವರೆಗೆ ಆರು ರೂಪಾಯಿಯೂ ಸಿಗುತ್ತಿರಲಿಲ್ಲ, ಜುಲೈ ಮೊದಲ ವಾರ ಕಳೆದ ಮೇಲೆ ಏಳರ ಆಸುಪಾಸು ಸಿಗತೊಡಗಿತು. ಊರೆಲ್ಲ ರೂಪಾಯಿ ಬಿತ್ತೆಂದು ಮರುಗುತ್ತಿದ್ದಾಗ ನಮ್ಮ ಅಜ್ಜಿ ಮನೆಗೆ ಸುಣ್ಣ ಹೊಡೆಸಿದರು.

ತೋಟದ ಮನೆ (ಸಿದ್ದಾಪುರ)
ನಿಮ್ಮಲ್ಲಿ ಸುಣ್ಣ, ನಮ್ಮಲ್ಲಿ ಗೊಬ್ಬರ. ಆ ಬಜೆಟ್ಟಿನಲ್ಲಿ ರಸಗೊಬ್ಬರದ ಬೆಲೆಯನ್ನು 40 ಪ್ರತಿಶತ ಏರಿಸಿದರು. ಗದ್ದಲ ಎದ್ದ ಮೇಲೆ 30ಕ್ಕೆ ಇಳಿಸಿ, ಸಣ್ಣ ಹಾಗೂ ಅತಿ ಸಣ್ಣ ಹಿಡುವಳಿದಾರರಿಗೆ ವಿನಾಯಿತಿ ಎಂದರು. ಪೆಟ್ರೋಲು ಮತ್ತು ಅಡುಗೆ ಅನಿಲ 20 ಪ್ರತಿಶತ ಏರಿದವು. ರೈತನಿಗೆ ಹೇಳುವವರು ಕೇಳುವವರು ಇರಲಿಲ್ಲ.

ಬನವಾಸಿ ದಾರಿ
ಸಿದ್ದಾಪುರದ ಭಾವನವರೇ, ಅಡಿಕೆ ತೋಟಕ್ಕೆ ಬೆಟ್ಟದ ಸೊಪ್ಪು, ಕೊಟ್ಟಿಗೆಯ ಗೊಬ್ಬರ ಹೊರುತ್ತಿದ್ದವರು ನೀವು. ಮೂಟೆ ಗೊಬ್ಬರದ ಬಿಸಿ ತಟ್ಟಿದ್ದು ಭತ್ತ, ಕಬ್ಬು ಬೆಳೆಯುವ ನಮ್ಮ ಸೀಮೆಗೆ. ನಮ್ಮ ಪಾಲಿನ ದುಃಖವನ್ನು ನೀವು ಪಡಬೇಡಿ.

ತೋಟದ ಮನೆ (ಸಿದ್ದಾಪುರ)
ಬೆಟ್ಟದ ಸೊಪ್ಪಿನಿಂದಲೇ ತೋಟ ನಡೆಯುತ್ತಿದ್ದದ್ದು ನಮ್ಮ ಅಜ್ಜನ ಕಾಲದಲ್ಲಿ. ಹೊರುವ ಆಳು ಸಿಗದೆ ಆ ಹೊತ್ತಿಗೆ ನಾವೂ ಮೂಟೆ ತರತೊಡಗಿದ್ದೆವು. ಆದರೂ ನಿಮ್ಮಷ್ಟು ಪೆಟ್ಟು ಬಿದ್ದಿಲ್ಲ ಎಂಬುದನ್ನು ಒಪ್ಪುತ್ತೇನೆ.

ಬೇಡ್ತಿ ಸೇತುವೆ
ಒಂದೇ ಮಾತಿನವರು ಇನ್ನು ‘ಜುಲೈ 24 ಇರದಿದ್ದರೆ ಊರಿಗೆ ಫೋನೇ ಬರುತ್ತಿರಲಿಲ್ಲ’ ಎಂದು ಹೇಳುವ ಮೊದಲೇ ನಾನು ಹೇಳಿಬಿಡುತ್ತೇನೆ: ಹಳದಿ ಫಲಕದ ಎಸ್‌ಟಿಡಿ ಬೂತುಗಳೂ ಸಿ-ಡಾಟ್‌ನವರ ಸಣ್ಣ ವಿನಿಮಯ ಕೇಂದ್ರಗಳೂ 1980ರ ದಶಕದ ಕೂಸುಗಳು. ಎಲ್ಲ ಒಳ್ಳೆಯದನ್ನೂ ಒಂದೇ ಬಜೆಟ್ಟಿನ ಖಾತೆಗೆ ಜಮಾ ಮಾಡುವ ಚಾಳಿ ನಮ್ಮಲ್ಲಿ ಬೆಳೆದಿದೆ.

ಒಂದೇ ಮಾತು (ಯಲ್ಲಾಪುರ)
ನಾನು ಫೋನಿನ ಮಾತೇ ಎತ್ತಿಲ್ಲ. ನನ್ನ ಬಾಯಿಗೆ ನಿಮ್ಮ ಮಾತು ತುರುಕಬೇಡಿ.

ಕೋಡಿಬಾಗ (ಕಾರವಾರ)
ಕಾರವಾರದ ದೃಷ್ಟಿಯಿಂದ ಒಂದು ಸಂಗತಿ ಸೇರಿಸುತ್ತೇನೆ. ಸೀಬರ್ಡ್ ನೌಕಾನೆಲೆಗೆ 1986ರ ಅಕ್ಟೋಬರ್ 24ಕ್ಕೆ ಅಡಿಗಲ್ಲು ಇಟ್ಟವರು ರಾಜೀವ ಗಾಂಧಿಯವರೇ. ಮೇ 22ರ ಬೆಳಿಗ್ಗೆ ರೇಡಿಯೋದಲ್ಲಿ ಸುದ್ದಿ ಕೇಳಿದ ನಮ್ಮ ಸೋದರಮಾವ ಮೊದಲು ಆಡಿದ ಮಾತು, ‘ಇನ್ನು ನಮ್ಮ ಜಮೀನಿನ ಗತಿ ಏನು?’ ಎಂಬುದು. ಅದು ಕಟುಕತನವಲ್ಲ, ಬಿಟ್ಟು ಹೋಗಬೇಕೆಂದು ತಿಳಿದಿದ್ದ, ಆದರೆ ಎಂದು ಎಂಬುದು ತಿಳಿಯದಿದ್ದ ಮನೆಯವರ ಸಹಜವಾದ ಮಾತು. ದೇಶದ ಬಳಿ ಹಣವಿಲ್ಲದ ಆ ವರ್ಷಗಳಲ್ಲಿ ಯೋಜನೆ ಕುಂಟಿತು. ಮೊದಲ ಹಂತ ಮುಗಿದು ಐಎನ್‌ಎಸ್ ಕದಂಬ ಸೇವೆಗೆ ಸೇರಿದ್ದು 2005ರಲ್ಲಿ. ನಡುವಿನ ವರ್ಷಗಳಲ್ಲಿ ಬಿದ್ದ ಹಿತ್ತಿಲ ಗೋಡೆಯನ್ನು ಮತ್ತೆ ಕಟ್ಟುವುದೋ ಬೇಡವೋ, ತೆಂಗಿನ ಸಸಿ ನೆಡುವುದೋ ಬೇಡವೋ ಎಂದು ನಮ್ಮ ಮಾವ ಪ್ರತಿ ಮಳೆಗಾಲದಲ್ಲೂ ಲೆಕ್ಕ ಹಾಕುತ್ತಿದ್ದರು. ಸಸಿ ನೆಟ್ಟರು. ಕಾಯಿ ಬಿಟ್ಟ ಮೇಲೆ ಒಕ್ಕಲೆದ್ದರು.

ಗಜನಿ ಕಟ್ಟೆ (ಅಘನಾಶಿನಿ ದಂಡೆ)
ಇಷ್ಟು ಹೊತ್ತು ಓದುತ್ತ ಕುಳಿತಿದ್ದೆ, ಯಾರಾದರೂ ಹೇಳುತ್ತಾರೇನೋ ಎಂದು. ಯಾರೂ ಹೇಳಲಿಲ್ಲ. ಅಕ್ಕೋರೇ, ನಿಮ್ಮ ಫೆಬ್ರವರಿ ಖಾಲಿಯಲ್ಲ.

1991ರ ಫೆಬ್ರವರಿ 19ಕ್ಕೆ ಕೇಂದ್ರದ ಪರಿಸರ ಸಚಿವಾಲಯ ಒಂದು ಅಧಿಸೂಚನೆ ಹೊರಡಿಸಿತು. ಉಬ್ಬರದ ಗೆರೆಯಿಂದ 500 ಮೀಟರಿನವರೆಗಿನ ಕಡಲಂಚನ್ನೂ ಭರತದ ನೀರು ಏರುವ ಹೊಳೆ, ಕೋಡಿಗಳ ದಂಡೆಯನ್ನೂ ಕರಾವಳಿ ನಿಯಂತ್ರಣ ವಲಯ (ಸಿಆರ್‌ಝಡ್) ಎಂದು ಅದು ಘೋಷಿಸಿತು. ಹಳ್ಳಿಗಾಡಿನ ಕಡಲಂಚಿನಲ್ಲಿ ಮೊದಲ 200 ಮೀಟರಿನೊಳಗೆ ಹೊಸ ಕಟ್ಟಡ ಕೂಡದು ಎಂಬ ನಿಯಮ ಬಂದದ್ದು ಅಂದಿನಿಂದ. ಇಂದು ಗೋಕರ್ಣದಲ್ಲಿ ವಸತಿಗೃಹದ ತಕರಾರು ಎದ್ದರೆ, ಮಾಜಾಳಿಯಲ್ಲಿ ಮೀನುಗಾರನೊಬ್ಬ ತಂದೆಯ ಮನೆಗೆ ಇನ್ನೊಂದು ಕೋಣೆ ಸೇರಿಸಲು ಕಾಗದ ಹಿಡಿದು ಅಲೆದರೆ, ಎಲ್ಲದರ ಬುಡದಲ್ಲಿ ಆ ಫೆಬ್ರವರಿಯ ಕಾಗದವಿದೆ. 2011ರಲ್ಲಿ, ಮತ್ತೆ 2019ರಲ್ಲಿ ಅದನ್ನು ಹೊಸದಾಗಿ ಬರೆದರು, ಅಂತರಗಳನ್ನು ಅಲ್ಲಲ್ಲಿ ಇಳಿಸಿದರು, ಆದರೆ ಸಿಆರ್‌ಝಡ್ ಎಂಬ ಮೂರಕ್ಷರ ನಮ್ಮ ಬಾಯಿಂದ ಹೋಗಲಿಲ್ಲ. ನಮ್ಮ ಕಡೆಯ ಮುದುಕಿಯರಿಗೆ ನರಸಿಂಹರಾಯರ ಹೆಸರು ಮರೆತಿರಬಹುದು, ಸಿಆರ್‌ಝಡ್ ಮರೆತಿಲ್ಲ.

ಇದನ್ನು ಹೊರಡಿಸಿದ್ದು ಯಾವ ಸರಕಾರ ಎಂಬುದನ್ನು ನೋಡಿ. ಅರವತ್ತರ ಆಸುಪಾಸಿನ ಸದಸ್ಯರನ್ನು ಇಟ್ಟುಕೊಂಡು, ಕಾಂಗ್ರೆಸ್ಸಿನ ಹೊರಗಿನ ಬೆಂಬಲದ ಮೇಲೆ ನಿಂತಿದ್ದ, ಪೂರ್ಣ ಬಜೆಟ್ ಮಂಡಿಸಲೂ ಆಗದೆ ಲೇಖಾನುದಾನಕ್ಕೆ ತೃಪ್ತಿಪಟ್ಟ, ಇನ್ನು ಹದಿನೈದೇ ದಿನಗಳಲ್ಲಿ ಬೀಳಲಿದ್ದ ಸರಕಾರ. ಹರಿಯಾಣದ ಇಬ್ಬರು ಪೊಲೀಸರು ರಾಜೀವರ ಮನೆಯ ಮೇಲೆ ಕಣ್ಣಿಟ್ಟಿದ್ದರೆಂಬ ಜಗಳ ಪತ್ರಿಕೆಗಳ ಮುಖಪುಟ ತುಂಬಿತು, ಅದಕ್ಕೂ ಮೊದಲೇ ಸದ್ದಿಲ್ಲದೆ ಬಂದ ಈ ಕಾಗದ ಮೂರೂವರೆ ದಶಕಗಳಿಂದ ನಮ್ಮ ಅಂಗಳದಲ್ಲಿ ಕುಳಿತಿದೆ. ದೊಡ್ಡ ಚೌಕವನ್ನು ಫೆಬ್ರವರಿಗೆ ಕೊಡಿ.

ಹಳೇ ಲೆಡ್ಜರ್ (ಕುಮಟಾ)
ಒಪ್ಪುವಂಥ ಮಾತು, ಆದರೆ ಒಂದು ತಕರಾರು. ಆ ಅಧಿಸೂಚನೆ ಐದು ವರ್ಷ ಕಾಗದದಲ್ಲೇ ಇತ್ತು. ಹೆಚ್ಚಿನ ಕರಾವಳಿ ರಾಜ್ಯಗಳು ನಿರ್ವಹಣಾ ಯೋಜನೆಗಳನ್ನೇ ಸಿದ್ಧಪಡಿಸಿರಲಿಲ್ಲ. 1996ರಲ್ಲಿ ಸುಪ್ರೀಂ ಕೋರ್ಟು ಕಿವಿ ಹಿಂಡಿದ ಮೇಲೆ ಅದಕ್ಕೆ ಹಲ್ಲು ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಶೆಟ್ಲಿ (ಸೀಗಡಿ) ಕೃಷಿಯ ಕೆರೆಗಳ ಮೇಲಿನ ತೀರ್ಪೂ ಬಂತು. ಹಾಗಾದರೆ ಇದು 1991ರ ಸುದ್ದಿಯೋ, 1996ರದೋ?

ಗಜನಿ ಕಟ್ಟೆ (ಅಘನಾಶಿನಿ ದಂಡೆ)
ಬೀಜ ಬಿತ್ತಿದ ವರ್ಷವೋ, ಕೊಯ್ದ ವರ್ಷವೋ ಎಂದು ಕೇಳಿದಂತಾಯಿತು. ಶೆಟ್ಲಿಯ ಮಾತು ನೀವೇ ಎತ್ತಿದ್ದರಿಂದ ಹೇಳುತ್ತೇನೆ: ರೂಪಾಯಿ ಇಳಿದು ಡಾಲರಿನ ವ್ಯಾಪಾರ ಲಾಭದ್ದಾದ ಮೇಲೆ ನಮ್ಮ ಗಜನಿಗಳಲ್ಲಿ (ಉಬ್ಬರದ ಉಪ್ಪುನೀರು ಬರುವ ಗದ್ದೆಗಳಲ್ಲಿ) ಉಪ್ಪು ತಾಳುವ ಕಗ್ಗ ಭತ್ತ ಬಿಟ್ಟು ಶೆಟ್ಲಿಯ ಕಟ್ಟೆ ಹಾಕುವ ಆಸೆ ಹಬ್ಬಿತು. ಒಂದೇ ವರ್ಷದ ಫೆಬ್ರವರಿ ನಮ್ಮನ್ನು ಹಿಂದಕ್ಕೆ ಎಳೆಯಿತು, ಜುಲೈ ಮುಂದಕ್ಕೆ ದೂಡಿತು. ಎರಡರ ನಡುವೆ ಕಗ್ಗದ ಬೀಜ ಎಷ್ಟು ಮನೆಗಳಲ್ಲಿ ಉಳಿಯಿತೆಂದು ಎಣಿಸಲು ಈಗ ಒಂದು ಕೈಯ ಬೆರಳು ಸಾಕು.

ಅಕ್ಕೋರು (ಶಿರಸಿ)
ಗಜನಿ ಕಟ್ಟೆಯವರೇ, ನನಗೆ ನಿಜಕ್ಕೂ ನಾಚಿಕೆಯಾಯಿತು. ಫೆಬ್ರವರಿ ಏಕೆ ಖಾಲಿ ಉಳಿಯಿತೆಂದು ಈಗ ಹೊಳೆಯುತ್ತಿದೆ. ಆ ತಿಂಗಳು ನಾನು ಪತ್ರಿಕೆ ಓದಿಯೇ ಇಲ್ಲ. ಫೆಬ್ರವರಿ 9ರಿಂದ 28ರವರೆಗೆ ಜನಗಣತಿಯ ಕೆಲಸ. ಹೊಸದಾಗಿ ನೌಕರಿಗೆ ಸೇರಿದವಳೆಂದು ಘಟ್ಟದ ಅಂಚಿನ ಮಜರೆಗಳನ್ನು ನನಗೆ ಹಚ್ಚಿದ್ದರು. ಒಂದು ಮನೆಯಿಂದ ಇನ್ನೊಂದಕ್ಕೆ ಕಾಲುಸಂಕ ದಾಟಿ ಅರ್ಧ ಮೈಲಿ, ಹೋದಲ್ಲೆಲ್ಲ ಆಸರಿಗೆ ಎಂದು ಮಜ್ಜಿಗೆ.

ಆ ಬಾರಿ ಕೆಲಸದ ಪ್ರಶ್ನೆಗೆ ಹೊಸದೊಂದು ಮಾತು ಸೇರಿಸಿದ್ದರು: ಹೊಲದಲ್ಲಿ ಅಥವಾ ಮನೆಯ ಉದ್ಯೋಗದಲ್ಲಿ ಕೂಲಿಯಿಲ್ಲದೆ ಮಾಡುವ ದುಡಿಮೆಯನ್ನೂ ಕೆಲಸವೆಂದೇ ಬರೆಯಬೇಕು. ಅಡಿಕೆ ಸುಲಿಯುವ ಕಾಲ. ಅಂಗಳದಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು, ನನ್ನೊಡನೆ ಮಾತನಾಡುತ್ತಲೇ ಒಂದೊಂದಾಗಿ ಸುಲಿದು ಬುಟ್ಟಿಗೆ ಎಸೆಯುತ್ತಿದ್ದ ಹೆಂಗಸನ್ನು ಕೇಳಿದೆ, ‘ನೀವೇನು ಕೆಲಸ ಮಾಡುತ್ತೀರಿ?’ ‘ನಾನೇನೂ ಮಾಡುವುದಿಲ್ಲ, ಮನೆಯಲ್ಲೇ ಇರುತ್ತೇನೆ’ ಎಂದರು. ಯಜಮಾನರೂ ಜಗುಲಿಯಿಂದ ಹೌದೆಂದರು. ನಾನು ‘ಕೆಲಸ ಮಾಡುತ್ತಾರೆ’ ಎಂದು ಗುರುತು ಹಾಕಿದೆ. ಆ ವರ್ಷದ ಎಣಿಕೆಯಲ್ಲಿ ದೇಶದ ಜನಸಂಖ್ಯೆ 84 ಕೋಟಿ ದಾಟಿತ್ತು, ಸಾಕ್ಷರತೆ 52 ಪ್ರತಿಶತವಿತ್ತು. ಆ 84 ಕೋಟಿಯಲ್ಲಿ ನಾನು ಎಣಿಸಿದವರು 600ಕ್ಕೂ ಹೆಚ್ಚು. ಫೆಬ್ರವರಿಗೆ ಈಗ ಇಬ್ಬರು ಹಕ್ಕುದಾರರಾದರು, ನೋಡಿ.

ಬನವಾಸಿ ದಾರಿ
ಡಿಸೆಂಬರಿನ ಮಾತನ್ನು ಯಾರೂ ಮುಗಿಸಲಿಲ್ಲ. ನನ್ನ ಮತ ಕಾವೇರಿಗೆ. ಜೂನ್ 25ಕ್ಕೆ ನ್ಯಾಯಮಂಡಳಿ 205 ಟಿಎಂಸಿ ನೀರು ಬಿಡಬೇಕೆಂದು ಮಧ್ಯಂತರ ಆದೇಶ ಕೊಟ್ಟಿತು, ಬಂಗಾರಪ್ಪನವರ ಸರಕಾರ ಜುಲೈ 25ಕ್ಕೆ ಸುಗ್ರೀವಾಜ್ಞೆ ತಂದಿತು, ನವೆಂಬರ್ 22ಕ್ಕೆ ಸುಪ್ರೀಂ ಕೋರ್ಟು ಅದು ಸಂವಿಧಾನಕ್ಕೆ ವಿರುದ್ಧವೆಂದಿತು, ಡಿಸೆಂಬರಿನಲ್ಲಿ ಆದೇಶ ಗೆಜೆಟ್ಟಿಗೆ ಬಂದೊಡನೆ ಬೆಂಗಳೂರು ಹೊತ್ತಿ ಉರಿಯಿತು. ಸೊರಬದ ಬಂಗಾರಪ್ಪನವರು ನಮಗೆ ನೆರೆಯವರು. ಅವರು ಕೇಂದ್ರದ ಎದುರು ಎದೆ ಕೊಟ್ಟು ನಿಂತರೆಂದು ನಮ್ಮ ಕಡೆ ಈಗಲೂ ಹೆಮ್ಮೆಯಿದೆ.

ಬೇಡ್ತಿ ಸೇತುವೆ
ಹೆಮ್ಮೆಯ ಜೊತೆಗೆ, ಆ ಗಲಭೆಯಲ್ಲಿ ಗುಡಿಸಲು ಕಳೆದುಕೊಂಡು ಊರು ಬಿಟ್ಟ ಕೂಲಿಕಾರ ತಮಿಳರನ್ನೂ ನಾಲ್ಕು ಸಾಲಿನಲ್ಲಿ ಒಂದು ಸಾಲಿಗೆ ಸೇರಿಸಬೇಕು. ನೀರಿನ ಲೆಕ್ಕದಲ್ಲಿ ಅವರು ಯಾರಿಗೂ ಏನೂ ಬಾಕಿ ಇರಲಿಲ್ಲ.

ಬನವಾಸಿ ದಾರಿ
ಸೇರಿಸಲಿ. ನಾನು ಬೇಡವೆಂದೆನೇ?

ಕೋಡಿಬಾಗ (ಕಾರವಾರ)
ಡಿಸೆಂಬರಿಗೆ ಸೋವಿಯತ್ ಒಕ್ಕೂಟವೇ ಇರಲಿ ಎನ್ನುತ್ತೇನೆ. ದೂರದ ಸುದ್ದಿ ಎಂದು ತಳ್ಳಿಹಾಕಬೇಡಿ. ಕಾರವಾರದಲ್ಲಿ ನೆಲೆಯಾಗಿರುವ ವಿಕ್ರಮಾದಿತ್ಯ ಹಡಗು ಹುಟ್ಟಿದ್ದು ಸೋವಿಯತ್ತಿನಲ್ಲಿ, ಆಗ ಅದರ ಹೆಸರು ಬಾಕು. ಒಕ್ಕೂಟ ಒಡೆದು ಬಾಕು ನಗರವೇ ಬೇರೆ ದೇಶಕ್ಕೆ ಸೇರುವ ಹೊತ್ತಿಗೆ ಅದನ್ನು ಅಡ್ಮಿರಲ್ ಗೋರ್ಷ್ಕೋವ್ ಎಂದು ಕರೆದರು. ನಮ್ಮ ನೌಕಾಪಡೆಗೆ ಸೇರಿದ್ದು 2013ರಲ್ಲಿ. ರೂಪಾಯಿಯಲ್ಲೇ ವ್ಯವಹರಿಸುತ್ತಿದ್ದ ದೊಡ್ಡ ಗಿರಾಕಿಯೊಬ್ಬ ಕೈಬಿಟ್ಟದ್ದು ಆ ವರ್ಷದ ಹಣದ ಮುಗ್ಗಟ್ಟಿಗೂ ಒಂದು ಕಾರಣ. ಲೆಡ್ಜರಿನವರು ಬೇಕಾದರೆ ತಿದ್ದಲಿ.

ಹಳೇ ಲೆಡ್ಜರ್ (ಕುಮಟಾ)
ತಿದ್ದುವುದೇನಿಲ್ಲ, ಸರಿಯಾಗಿದೆ. ಏಪ್ರಿಲ್ ಚೌಕಕ್ಕೆ ನನ್ನ ಬಳಿ ಒಂದು ಇದೆ. ಆಮದು ಮಾಡುವವರು ಬ್ಯಾಂಕಿನಲ್ಲಿ ಮುಂಗಡವಾಗಿ ಕಟ್ಟಬೇಕಾದ ನಗದನ್ನು ರಿಸರ್ವ್ ಬ್ಯಾಂಕು 1990ರ ಅಕ್ಟೋಬರಿನಲ್ಲಿ 50 ಪ್ರತಿಶತ, ಮಾರ್ಚಿನಲ್ಲಿ 133, ಏಪ್ರಿಲಿನಲ್ಲಿ 200 ಪ್ರತಿಶತಕ್ಕೆ ಏರಿಸಿತು. ನೂರು ರೂಪಾಯಿಯ ಸಾಮಾನು ತರಿಸಬೇಕಾದರೆ ಇನ್ನೂರು ರೂಪಾಯಿ ತಂದಿಡಬೇಕು! ಟ್ರಾಲರಿನ ಯಂತ್ರಕ್ಕೆ ಹೊರಗಿನ ಬಿಡಿಭಾಗವೊಂದನ್ನು ತರಿಸುತ್ತಿದ್ದ ವ್ಯಾಪಾರಿಯೊಬ್ಬರು ಸುತ್ತೋಲೆಯನ್ನು ಮೂರು ಬಾರಿ ಓದಿಸಿ, ‘ಇದು ಮುದ್ರಣದೋಷವಲ್ಲವೇ?’ ಎಂದು ನನ್ನನ್ನು ಕೇಳಿದ್ದರು. ಆಳುವವರು ಉಸ್ತುವಾರಿಗಳು, ಎಲ್ಲರ ಕಣ್ಣು ಚುನಾವಣೆಯ ಮೇಲೆ. ದೇಶದ ಬಾಗಿಲು ಎಷ್ಟು ಬಿಗಿಯಾಗಿ ಮುಚ್ಚಿತ್ತೆಂಬುದು ಕಂಡದ್ದು ಕೌಂಟರಿನ ಈಚೆ ಕುಳಿತವರಿಗೆ. ಆ ಬಾಗಿಲನ್ನು ನೋಡದವರಿಗೆ ಜುಲೈನಲ್ಲಿ ತೆರೆದದ್ದೇನೆಂದು ಅರ್ಥವಾಗುವುದು ಕಷ್ಟ. ಇದು ಜುಲೈ 24ರವರ ಪರವಾಗಿಯೇ ಇದೆ.

ಒಂದೇ ಮಾತು (ಯಲ್ಲಾಪುರ)
ಮೊದಲ ಬಾರಿಗೆ ಒಬ್ಬರು ನ್ಯಾಯವಾಗಿ ಮಾತನಾಡಿದರು.

ಅಕ್ಕೋರು (ಶಿರಸಿ)
ಇವತ್ತು ಬೆಳಿಗ್ಗೆ ಬಣ್ಣದವರು ಬಂದು ಗೆರೆ ಎಳೆದು ಹೋದರು. ಏಪ್ರಿಲಿಗೆ ಲೆಡ್ಜರಿನವರ 200 ಪ್ರತಿಶತ ಸೇರಿತು. ಚಿನ್ನವನ್ನು ಮೇ ಮತ್ತು ಜುಲೈಗೆ ಹಂಚಿದ್ದೇನೆ. ಜನವರಿಯಲ್ಲಿ ಅಮ್ಮಾನಿನ ಡೇರೆಗೆ ಒಂದು ಸಾಲು ಕೊಟ್ಟಿದ್ದೇನೆ. ಡಿಸೆಂಬರಿಗೆ ಕಾವೇರಿ, ಊರು ಬಿಟ್ಟವರ ಸಾಲಿನೊಂದಿಗೆ. ಕೋಡಿಬಾಗದವರು ಕ್ಷಮಿಸಬೇಕು, ವಿಕ್ರಮಾದಿತ್ಯವನ್ನು ಮಕ್ಕಳಿಗೆ ಬಾಯಲ್ಲೇ ಹೇಳುತ್ತೇನೆ. ದೊಡ್ಡ ಚೌಕ ಫೆಬ್ರವರಿಗೆ. ಮೇಲರ್ಧದಲ್ಲಿ ಕಡಲಂಚಿನ ಅಧಿಸೂಚನೆ, ಕೆಳಗರ್ಧದಲ್ಲಿ ಜನಗಣತಿಯ ಪ್ರಶ್ನೆ. ಮೇಲರ್ಧದ ಮೊದಲ ಸಾಲು ಹೀಗಿದೆ: ‘ಗರಿಷ್ಠ ಭರತ ರೇಖೆಯಿಂದ 500 ಮೀಟರ್ ಒಳಗಿನ ಪ್ರದೇಶವು…’

ಗಜನಿ ಕಟ್ಟೆ (ಅಘನಾಶಿನಿ ದಂಡೆ)
ಅಕ್ಕೋರೇ, ‘ಗರಿಷ್ಠ ಭರತ ರೇಖೆ’ ಬೇಡ. ಘಟ್ಟದ ಮೇಲಿನ ಮಕ್ಕಳು ಅದನ್ನು ಭರತ ಎಂಬ ರಾಜನ ಗಡಿ ಎಂದುಕೊಂಡಾರು. ‘ಉಬ್ಬರದ ನೀರು ಮುಟ್ಟುವ ಗೆರೆ’ ಎಂದು ಬರೆಯಿರಿ.

ಅಕ್ಕೋರು (ಶಿರಸಿ)
ತಿದ್ದಿಸಿದ್ದೇನೆ. ಎಲ್ಲರಿಗೂ ಒಪ್ಪಿಗೆಯೇ?

ಒಂದೇ ಮಾತು (ಯಲ್ಲಾಪುರ)
ಇಲ್ಲ. ಜುಲೈ 24.